ಕೊನೆ ಭಾಗಕ್ಕೆ ತಲುಪದ ಬಿಸಿಗಾಳಿ

ಬೆಳಿಗ್ಗೆ ಏಳೂವರೆಗೆ ಫೋನ್ ಬಂದರೆ ಅದು ಅಮೆರಿಕದ ಕರೆಯೇ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅಕ್ಕನ ಮಗ ಕೊಲೊರಾಡೊದಲ್ಲಿದ್ದಾನೆ. ದಾವಣಗೆರೆಯಲ್ಲಿ ನಾನು ಎರಡನೆಯ ಲೋಟ ಕಾಫಿಗೆ ಕಾಯುತ್ತಿರುವಾಗ ಅವನಿಗೆ ಹಿಂದಿನ ದಿನದ ರಾತ್ರಿ ಎಂಟು ಗಂಟೆ. ಕಳೆದ ಅಕ್ಟೋಬರ್‌ನಲ್ಲಿ ಬಂದ ಒಂದು ವಿಡಿಯೊ ಕರೆಯಲ್ಲಿ ಮುಖಕ್ಕಿಂತ ಮೊದಲು ಕಂಡದ್ದು ಅವನ ಮಂಕಿ ಟೋಪಿ. ಹಿಂದೆ ಹೆಂಡತಿ ಮತ್ತು ಮಗಳು ಒಂದೇ ಕಂಬಳಿಯೊಳಗೆ ಮುದುಡಿಕೊಂಡಿದ್ದರು. ಹಳೆಯದೆಂದು ಅಗ್ಗಕ್ಕೆ ಕೊಂಡ ಟ್ರಾವೆಲ್ ಟ್ರೇಲರ್ ಅನ್ನು ಬೆಟ್ಟಕ್ಕೆ ಎಳೆದುಕೊಂಡು ಹೋಗಿ, ಮೈನಸ್ ಆರು ಡಿಗ್ರಿ ಚಳಿಯಲ್ಲಿ ಕುಳಿತಿದ್ದರು. "ಮಾವ, ಫರ್ನೇಸ್ ಉರಿಯುತ್ತಿದೆ, ಫ್ಯಾನ್ ತಿರುಗುವ ಸದ್ದೂ ಕೇಳುತ್ತಿದೆ. ಗಾಳಿ ಮಾತ್ರ ಬರುತ್ತಿಲ್ಲ. ಹೊಸ ಫರ್ನೇಸ್ ಹಾಕಿಸಬೇಕೆ?" ಎಂದು ಕೇಳಿದ. ಫರ್ನೇಸ್ ಎಂದರೆ ಟ್ರೇಲರ್ ಒಳಗೆ ಬಿಸಿಗಾಳಿ ಊದುವ ಒಲೆ.

ಟ್ರಾವೆಲ್ ಟ್ರೇಲರ್ ಅನ್ನು ನಾನು ಕಣ್ಣಾರೆ ಕಂಡವನಲ್ಲ. ಆದರೆ ಗಾಳಿಯ ಜೊತೆ ಏಗಿದವನು. ಮೂವತ್ತೊಂದು ವರ್ಷ ಇದೇ ಊರಿನ ಒಂದು ಹತ್ತಿ ಗಿರಣಿಯ ನಿರ್ವಹಣಾ ವಿಭಾಗದಲ್ಲಿದ್ದೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ದಿನಗಳ ಬಾಲ ಹಿಡಿದು ಕೆಲಸಕ್ಕೆ ಸೇರಿದವನು ನಾನು. ನೂಲುವ ಹಾಲ್‌ನಲ್ಲಿ ತೇವ ಕಡಿಮೆಯಾದರೆ ಎಳೆ ಕಡಿಯುತ್ತದೆ. ಅದಕ್ಕಾಗಿ ನೀರಿನ ತುಂತುರಿನ ನಡುವೆ ಹಾಯಿಸಿದ ಗಾಳಿಯನ್ನು ದೊಡ್ಡ ಬ್ಲೋವರ್‌ಗಳಿಂದ ಡಕ್ಟ್‌ಗಳಿಗೆ, ಅಂದರೆ ಗಾಳಿ ಸಾಗಿಸುವ ಕೊಳವೆಗಳಿಗೆ, ತಳ್ಳಿ, ಹಾಲ್‌ನ ಉದ್ದಕ್ಕೂ ಕಿಂಡಿಗಳ ಮೂಲಕ ಬಿಡುತ್ತಿದ್ದೆವು. "ನಮ್ಮ ಫ್ರೇಮಿನ ಕಡೆ ಗಾಳಿಯೇ ಇಲ್ಲ" ಎಂಬ ದೂರು ಬಾರದ ದಿನವಿರಲಿಲ್ಲ. ಹೆಚ್ಚಿನ ಸಲ ಬ್ಲೋವರ್ ಸರಿಯಾಗಿಯೇ ಇರುತ್ತಿತ್ತು, ಕೆಟ್ಟಿರುತ್ತಿದ್ದುದು ದಾರಿ. ಹಾಗಾಗಿ ಹೊಸ ಫರ್ನೇಸಿನ ಮಾತನ್ನು ಅಲ್ಲಿಗೇ ನಿಲ್ಲಿಸಿ, ಮೊದಲು ಆ ಪೆಟ್ಟಿಗೆ ಹೇಗೆ ಕೆಲಸ ಮಾಡುತ್ತದೆ ಎಂದು ಅವನಿಂದಲೇ ಅದರ ಕೈಪಿಡಿ ತರಿಸಿಕೊಂಡು ಓದಿದೆ. ಮುಂದಿನ ನಾಲ್ಕು ಬೆಳಗುಗಳು ಆ ಟ್ರೇಲರ್‌ಗೇ ಮೀಸಲಾದವು.

ಟ್ರಾವೆಲ್ ಟ್ರೇಲರ್ ಎಂದರೆ ಪಿಕಪ್ ವಾಹನದ ಹಿಂದೆ ಕೊಕ್ಕೆ ಹಾಕಿ ಎಳೆಯುವ ಚಕ್ರದ ಮನೆ. ಅಡುಗೆಕಟ್ಟೆ, ಬಚ್ಚಲು, ಹಾಸಿಗೆ ಎಲ್ಲವೂ ಒಂದು ಮಿನಿಬಸ್ಸಿನಷ್ಟು ಜಾಗದಲ್ಲಿ. ಅಡುಗೆಕಟ್ಟೆಯ ಕೆಳಗೋ ಕಪಾಟಿನ ಬುಡದಲ್ಲೋ ಒಂದು ತಗಡಿನ ಪೆಟ್ಟಿಗೆ ಅಡಗಿರುತ್ತದೆ, ಅದೇ ಫರ್ನೇಸ್. ಉರುವಲು ಪ್ರೊಪೇನ್. ನಮ್ಮ ಅಡುಗೆ ಸಿಲಿಂಡರ್‌ನಲ್ಲಿ ಬ್ಯುಟೇನ್ ಕೂಡ ಬೆರೆತಿರುತ್ತದೆ. ಬ್ಯುಟೇನ್ ಸೊನ್ನೆ ಡಿಗ್ರಿಯ ಕೆಳಗೆ ದ್ರವವಾಗಿಯೇ ಕುಳಿತುಬಿಡುತ್ತದೆ, ಪ್ರೊಪೇನ್ ಮೈನಸ್ 42 ಡಿಗ್ರಿಯವರೆಗೂ ಆವಿಯಾಗುತ್ತದೆ. ಚಳಿ ದೇಶದವರು ಪ್ರೊಪೇನ್‌ಗೆ ಅಂಟಿಕೊಂಡಿರುವುದು ಅದಕ್ಕೇ. ಮಧ್ಯಮ ಗಾತ್ರದ ಫರ್ನೇಸ್ ಗಂಟೆಗೆ 30,000 ಬಿಟಿಯು (ಶಾಖದ ಒಂದು ಅಳತೆ) ಶಾಖದಷ್ಟು ಅನಿಲ ಸುಡುತ್ತದೆ. ಲೆಕ್ಕ ಹಾಕಿದರೆ ಸುಮಾರು 8.8 ಕಿಲೊವಾಟ್, ಅಂದರೆ ನಮ್ಮ ಬಚ್ಚಲಿನ 2 ಕಿಲೊವಾಟ್ ಗೀಸರ್ ನಾಲ್ಕನ್ನು ಒಟ್ಟಿಗೆ ಹಚ್ಚಿದ ಹಾಗೆ. ಎಡೆಬಿಡದೆ ಉರಿಸಿದರೆ ನಮ್ಮ 14.2 ಕೆ.ಜಿ. ಸಿಲಿಂಡರಿನಷ್ಟು ಅನಿಲ ಒಂದು ದಿನ ತುಂಬುವ ಮೊದಲೇ ಖಾಲಿ. ಇಷ್ಟು ಶಾಖವನ್ನು ಒಂದು ಸಣ್ಣ ಪೆಟ್ಟಿಗೆಯಿಂದ ಹೊತ್ತೊಯ್ಯಬೇಕಾದದ್ದು ಗಾಳಿ. ಹೊರುವವನು ಸೊರಗಿದರೆ ಶಾಖ ಪೆಟ್ಟಿಗೆಯಲ್ಲೇ ಕೊಳೆಯುತ್ತದೆ.

ಆ ಪೆಟ್ಟಿಗೆಯೊಳಗೆ ಗಾಳಿಗೆ ಎರಡು ದಾರಿಗಳಿವೆ, ಇದನ್ನು ಮನಸ್ಸಿನಲ್ಲಿ ಬೇರೆ ಬೇರೆ ಇಟ್ಟುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಒಂದು ಉರಿಯ ಗಾಳಿ: ಹೊರಗಿನಿಂದ ಬಂದು, ಅನಿಲದೊಂದಿಗೆ ಉರಿದು, ಹೊಗೆಯಾಗಿ ಗೋಡೆಯ ತೂತಿನಿಂದ ಹೊರಗೇ ಹೋಗುತ್ತದೆ. ಇನ್ನೊಂದು ಮನೆಯ ಗಾಳಿ: ಟ್ರೇಲರ್ ಒಳಗಿನಿಂದಲೇ ಹೀರಲ್ಪಟ್ಟು, ಬಿಸಿ ಲೋಹದ ಮೈ ಸವರಿ, ಡಕ್ಟ್ ಹಿಡಿದು ಮತ್ತೆ ಒಳಗೇ ಬರುತ್ತದೆ. ಎರಡರ ನಡುವೆ ಲೋಹದ ಗೋಡೆ, ಒಂದಕ್ಕೊಂದು ಬೆರೆಯುವಂತಿಲ್ಲ. ಆದರೆ ಎರಡನ್ನೂ ಓಡಿಸುವುದು ಒಂದೇ 12 ವೋಲ್ಟ್ ಮೋಟಾರು. ಅದರ ಅಚ್ಚಿನ ಒಂದು ತುದಿಯಲ್ಲಿ ಉರಿಗೆ ಊದುವ ಸಣ್ಣ ಚಕ್ರ, ಇನ್ನೊಂದು ತುದಿಯಲ್ಲಿ ಮನೆಗೆ ಊದುವ ದೊಡ್ಡ ಚಕ್ರ.

ಒಳಗಿನ ಬಿಸಿಯನ್ನು ನೋಡಿಕೊಳ್ಳುವ ಥರ್ಮೋಸ್ಟಾಟ್ ಶಾಖ ಕೇಳಿದ ಕೂಡಲೇ ಬೆಂಕಿ ಹೊತ್ತುವುದಿಲ್ಲ. ಮೊದಲು ಬ್ಲೋವರ್ ತಿರುಗಿ, ಒಳಗೆ ಉಳಿದಿರಬಹುದಾದ ಅನಿಲವನ್ನು ಕೆಲವು ಸೆಕೆಂಡು ಹೊರಗೆ ದೂಡುತ್ತದೆ. ಗಾಳಿಯ ದಾರಿಯಲ್ಲಿ ದೋಣಿಯ ಹಾಯಿಯಂಥ ಒಂದು ತೆಳ್ಳನೆಯ ತಗಡು ಇದೆ, ಹೆಸರೂ ಹಾಯಿ ಸ್ವಿಚ್ ಎಂದೇ. ಸಾಕಷ್ಟು ಗಾಳಿ ಬಡಿದು ಆ ತಗಡು ಬಾಗಿದರೆ ಮಾತ್ರ ಅನಿಲದ ವಾಲ್ವ್ ತೆರೆದು ಕಿಡಿ ಹಾರುತ್ತದೆ. ಇದರ ಜೊತೆ ಶಾಖ ಮಿತಿಯ ಸ್ವಿಚ್ ಇನ್ನೊಂದು. ಪೆಟ್ಟಿಗೆ ಅತಿಯಾಗಿ ಕಾದರೆ ಅದು ಅನಿಲವನ್ನು ಕಡಿದು, ಬ್ಲೋವರ್ ಮಾತ್ರ ಓಡಲು ಬಿಡುತ್ತದೆ. ತಣಿದ ಮೇಲೆ ಮತ್ತೆ ಉರಿ.

ಈ ಎರಡು ಕಾವಲುಗಾರರ ನಡವಳಿಕೆಯೇ ರೋಗದ ಮೊದಲ ಸುಳಿವು. ಬ್ಲೋವರ್ ತಿರುಗುತ್ತಲೇ ಇದ್ದು ಬೆಂಕಿ ಹೊತ್ತದಿದ್ದರೆ ಹಾಯಿ ಬಾಗುತ್ತಿಲ್ಲವೇನೋ ಎಂದು ನೋಡಬೇಕು. ಮೋಟಾರು ನಿಧಾನವಿರಬಹುದು, ಒಳಗೆ ಹೀರಲು ಗಾಳಿ ಸಾಲದಿರಬಹುದು, ತಗಡಿಗೆ ಕಸವೇ ಸಿಕ್ಕಿಕೊಂಡಿರಬಹುದು. ಬಿಸಿಗಾಳಿ, ತಣ್ಣನೆ ಗಾಳಿ, ಮತ್ತೆ ಬಿಸಿಗಾಳಿ ಎಂದು ಸರದಿಯಲ್ಲಿ ಬರುತ್ತಿದ್ದರೆ ಶಾಖ ಪೆಟ್ಟಿಗೆಯಿಂದ ಹೊರಬೀಳಲಾಗದೆ ಮಿತಿಯ ಸ್ವಿಚ್ ಕಡಿಯುತ್ತಿದೆ ಎಂದು ಅನುಮಾನಿಸಬಹುದು. ಅಳಿಯನದು ಎರಡನೆಯ ಬಗೆ. ಅವನು ಅದನ್ನು "ಫರ್ನೇಸಿಗೆ ಮನಸ್ಸು ಬಂದಾಗ ಕಾಯುತ್ತದೆ" ಎಂದು ವರ್ಣಿಸಿದ್ದ.

ಇನ್ನು ನಮ್ಮ ಊರಿನ ಭಾಷೆಯಲ್ಲೇ ಹೇಳುತ್ತೇನೆ. ಭದ್ರಾ ಅಚ್ಚುಕಟ್ಟಿನ ಸುದ್ದಿ ಓದುವವರಿಗೆ ಪ್ರತಿ ಬೇಸಿಗೆಯ ಆ ಶೀರ್ಷಿಕೆ ಬಾಯಿಪಾಠವಾಗಿರುತ್ತದೆ: ಕೊನೆ ಭಾಗಕ್ಕೆ ತಲುಪದ ನೀರು. ಅಣೆಕಟ್ಟೆಯಲ್ಲಿ ನೀರಿದೆ, ನಾಲೆಗೂ ಬಿಟ್ಟಿದ್ದಾರೆ, ಆದರೆ ತುದಿಯ ಗದ್ದೆ ಒಣಗಿದೆ. ಕಾರಣಗಳೂ ಎಲ್ಲರಿಗೂ ಗೊತ್ತು. ಮಧ್ಯದಲ್ಲಿ ಏರಿ ಒಡೆದು ನೀರು ಸೋರಿರುತ್ತದೆ, ಹೂಳು ತುಂಬಿರುತ್ತದೆ, ಜೊಂಡು ಬೆಳೆದಿರುತ್ತದೆ, ಮೇಲ್ಭಾಗದವರು ಪಂಪ್‌ಸೆಟ್ ಇಟ್ಟು ಎಳೆದಿರುತ್ತಾರೆ. ಆಗ ಯಾರೂ ಹೊಸ ಅಣೆಕಟ್ಟೆ ಕಟ್ಟಿ ಎನ್ನುವುದಿಲ್ಲ. ಅದೇ ಅಣೆಕಟ್ಟೆಯಲ್ಲೇ ನೀರು ತಳ ಕಂಡಿದ್ದರೆ ಮೇಲ್ಭಾಗ, ಕೊನೆ ಭಾಗ ಎಂಬ ಭೇದವಿಲ್ಲದೆ ಎಲ್ಲರ ತೂಬಿನಲ್ಲೂ ನೀರು ಸಣ್ಣಗಾಗುತ್ತದೆ.

ಹಾಗಾಗಿ ಅಳಿಯನಿಗೆ ಕೇಳಿದ ಮೊದಲ ಪ್ರಶ್ನೆ ಇದು: ಎಲ್ಲ ಕಿಂಡಿಗಳಲ್ಲೂ ಗಾಳಿ ಕಡಿಮೆಯೋ, ಕೊನೆಯ ಕಿಂಡಿಗಳಲ್ಲಿ ಮಾತ್ರವೋ? "ಎಲ್ಲ ಕಡೆಯೂ ಕಡಿಮೆಯೇ ಇದ್ದಂತಿದೆ" ಎಂದ. ಚಳಿಯಲ್ಲಿ ಮರಗಟ್ಟಿದ ಅಂಗೈ ಒಳ್ಳೆಯ ಮಾಪಕವಲ್ಲ. ಅಳೆಯಬೇಕು.

ಅಳೆಯಲು ಯಂತ್ರ ಬೇಡ, ಒಂದು ತೆಳ್ಳನೆಯ ದೊಡ್ಡ ಪ್ಲಾಸ್ಟಿಕ್ ಚೀಲ ಸಾಕು. ನಮ್ಮಲ್ಲಾದರೆ ಮಂಡಕ್ಕಿ ತುಂಬುವ ಚೀಲವನ್ನೇ ಹಿಡಿಯುತ್ತಿದ್ದೆ, ಅವನ ಬಳಿ 100 ಲೀಟರಿನ ಕಸದ ಚೀಲವಿತ್ತು. ಚೀಲದ ಗಾಳಿಯನ್ನೆಲ್ಲ ಹಿಂಡಿ, ಬಾಯಿಯನ್ನು ಕಿಂಡಿಗೆ ಬಿಗಿಯಾಗಿ ಒತ್ತಿ ಹಿಡಿದು, ಅದು ಉಬ್ಬಿ ಬಿಗಿಯಾಗಲು ಎಷ್ಟು ಸೆಕೆಂಡು ಹಿಡಿಯಿತು ಎಂದು ಮೊಬೈಲಿನಲ್ಲಿ ನೋಡುವುದು. ಅನಿಲವನ್ನು ಮುಚ್ಚಿ ಥರ್ಮೋಸ್ಟಾಟ್ ಏರಿಸಿದರೆ ಬ್ಲೋವರ್ ಸ್ವಲ್ಪ ಹೊತ್ತು ತಣ್ಣನೆಯ ಗಾಳಿಯನ್ನೇ ಊದುತ್ತದೆ, ಅಳತೆಗೆ ಅಷ್ಟು ಸಮಯ ಸಾಕು, ಚೀಲವೂ ಬಿಸಿಗೆ ಮೆತ್ತಗಾಗುವುದಿಲ್ಲ. ಅವನ ಲೆಕ್ಕ ಹೀಗೆ ಬಂತು: ಅಡುಗೆಕಟ್ಟೆಯ ಕಿಂಡಿ 4 ಸೆಕೆಂಡು, ಊಟದ ಮೇಜಿನ ಬಳಿ 5, ಬಚ್ಚಲು 15, ಹಿಂಭಾಗದಲ್ಲಿ ಮಗಳು ಮಲಗುವ ಮಂಚದ ಬಳಿ 23. ಅಂದರೆ ಮೊದಲ ಕಿಂಡಿಯಲ್ಲಿ ಸೆಕೆಂಡಿಗೆ 25 ಲೀಟರ್, ಕೊನೆಯದರಲ್ಲಿ ನಾಲ್ಕು ಲೀಟರಿಗಿಂತ ತುಸು ಹೆಚ್ಚು. ಭೇದ ಆರು ಪಟ್ಟು. ಎಲ್ಲ ಕಡೆಯೂ ಕಡಿಮೆ ಎಂದಿದ್ದವನು ಸುಮ್ಮನಾದ. ಅಣೆಕಟ್ಟೆ ತುಂಬಿತ್ತು, ಕೆಟ್ಟದ್ದು ನಾಲೆ.

ಎಲ್ಲಿ ಕೆಟ್ಟಿದೆ ಎಂದು ಹುಡುಕಲು ಡಕ್ಟ್‌ಗಳು ಕಣ್ಣಿಗೆ ಕಾಣುವುದಿಲ್ಲ, ನೆಲದಡಿಯಲ್ಲೋ ಕಪಾಟುಗಳ ಹಿಂದೆಯೋ ಹಾದುಹೋಗಿರುತ್ತವೆ. ಈ ಪತ್ತೆದಾರಿಕೆಯಲ್ಲಿ ಗೆದ್ದವಳು ಅಳಿಯನ ಹೆಂಡತಿ. ನಮ್ಮ ಮಾತನ್ನು ಕಂಬಳಿಯೊಳಗಿಂದಲೇ ಕೇಳುತ್ತಿದ್ದವಳು, "ಬಚ್ಚಲಿನಲ್ಲಿಟ್ಟ ಕೊಬ್ಬರಿ ಎಣ್ಣೆ ಕಲ್ಲಾಗಿದೆ. ಪಾತ್ರೆ ತೊಳೆಯುವ ಜಾಗದ ಕೆಳಗಿನ ಕಪಾಟಿನಲ್ಲಿರುವ ಬಾಟಲಿ ಮಾತ್ರ ಯಾವಾಗಲೂ ನೀರಿನಂತೆ ಇರುತ್ತದೆ" ಎಂದಳು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಜನ ಮಲಗುವ ಜಾಗ ನಡುಗುತ್ತಿರುವಾಗ ಕಪಾಟಿನೊಳಗೆ 24 ಡಿಗ್ರಿಗಿಂತ ಹೆಚ್ಚು ಬಿಸಿ ಇದೆ ಎಂದಮೇಲೆ ಏರಿ ಒಡೆದಿರುವುದು ಅಲ್ಲೇ. ಕಪಾಟಿನ ಹಿಂದಿನ ಹಲಗೆಯ ನಾಲ್ಕು ಸ್ಕ್ರೂ ಬಿಚ್ಚಿ ಫೋನಿನ ಕ್ಯಾಮೆರಾ ತೂರಿಸಿದಾಗ ಕಂಡಿತು. ಫರ್ನೇಸಿನ ಪಕ್ಕದ ಲೋಹದ ಕೊರಳಿನಿಂದ ಹಿಂಭಾಗಕ್ಕೆ ಹೋಗುವ ಡಕ್ಟ್ ಅರ್ಧ ಕಳಚಿ ಬಾಯಿ ತೆರೆದುಕೊಂಡಿತ್ತು. ಬಿಸಿಗಾಳಿಯ ಬಹುಪಾಲನ್ನು ಕಪಾಟೇ ಉಣ್ಣುತ್ತಿತ್ತು.

ಇಂಥ ಕಳಚಿದ ಜೋಡಣೆ ಟ್ರೇಲರ್‌ಗಳಲ್ಲಿ ಅಪರೂಪವಲ್ಲ. ಇದು ನೆಲದಲ್ಲಿ ನಿಂತ ಮನೆಯಲ್ಲ, ಕುಣಿಯುತ್ತ ಸಾಗುವ ಮನೆ. ಕಾರ್ಖಾನೆಯಲ್ಲಿ ಅವಸರದಲ್ಲಿ ಒಂದು ಸುತ್ತು ಟೇಪ್ ಹಚ್ಚಿ ಬಿಟ್ಟದ್ದು ರಸ್ತೆಯ ಕುಲುಕಿಗೆ ಬಿಡುತ್ತದೆ. ಇಲ್ಲೊಂದು ಹಾಸ್ಯವೂ ಇದೆ. ಡಕ್ಟ್ ಟೇಪ್ ಎಂದೇ ಹೆಸರು ಪಡೆದ ಬಟ್ಟೆಯ ಟೇಪು ಬಿಸಿ ಡಕ್ಟ್‌ಗೆ ತಕ್ಕುದಲ್ಲ, ಶಾಖಕ್ಕೆ ಅದರ ಅಂಟು ಒಣಗಿ ಸುಲಿದುಬರುತ್ತದೆ. ಬೇಕಾದದ್ದು ಅಲ್ಯೂಮಿನಿಯಂ ಹಾಳೆಯ ಟೇಪು. ಅದಕ್ಕೂ ಮೊದಲು ಕೊರಳನ್ನು ಧೂಳಿಲ್ಲದಂತೆ ಒರೆಸಿ, ಡಕ್ಟ್ ಅನ್ನು ಪೂರ್ತಿ ಒಳಗೆ ತಳ್ಳಿ, ಕ್ಲ್ಯಾಂಪ್ ಬಿಗಿದು, ಆಮೇಲೆ ಟೇಪ್. ಟೇಪು ಸೋರಿಕೆ ತಡೆಯುತ್ತದೆಯೇ ಹೊರತು ಭಾರ ಹೊರುವುದಿಲ್ಲ. ಗಿರಣಿಯಲ್ಲಿ ನಮ್ಮ ಮೇಸ್ತ್ರಿಯೊಬ್ಬರು ಇದನ್ನೇ "ಹೊಲಿಗೆ ಬಟ್ಟೆಗೆ, ವಿಭೂತಿ ಹಣೆಗೆ" ಎನ್ನುತ್ತಿದ್ದರು. ಯಾಕೆಂದು ನನಗೆ ಇಂದಿಗೂ ಪೂರ್ತಿ ಅರ್ಥವಾಗಿಲ್ಲ, ಆದರೆ ಕೇಳಿದಾಗಲೆಲ್ಲ ಸರಿ ಎನ್ನಿಸುತ್ತಿತ್ತು.

ಕಳಚಿದ್ದನ್ನು ಸೇರಿಸಿದ ಮೇಲೆ ಕೊನೆಯ ಕಿಂಡಿ 23 ರಿಂದ 13 ಸೆಕೆಂಡಿಗೆ ಇಳಿಯಿತು. ಸಾಲದು. ಇನ್ನೂ ಹೂಳಿದೆ.

ಡಕ್ಟ್‌ಗಳಲ್ಲಿ ಹೂಳು ಎಂದರೆ ಕಸ ಮಾತ್ರವಲ್ಲ, ಆಕಾರವೂ ಹೂಳೇ. ಟ್ರೇಲರ್‌ಗಳಲ್ಲಿ ಸಾಮಾನ್ಯವಾಗಿ ಬಳಸುವುದು ನಾಲ್ಕಂಗುಲ ವ್ಯಾಸದ, ಸುರುಳಿ ತಂತಿಯ ಮೇಲೆ ತೆಳು ಹಾಳೆ ಹೊದಿಸಿದ ಮೃದು ಡಕ್ಟ್. ಅದರ ಬಾಯಿ ಹನ್ನೆರಡೂವರೆ ಚದರಂಗುಲ. ಮೇಲೆ ಪೆಟ್ಟಿಗೆಯೋ ಚೀಲವೋ ಕುಳಿತು ಅದು ಒಂದಂಗುಲ ಎತ್ತರಕ್ಕೆ ಚಪ್ಪಟೆಯಾದರೆ, ಸುತ್ತಳತೆ ಅಷ್ಟೇ ಇದ್ದರೂ ಒಳಗಿನ ಜಾಗ ಐದೂವರೆ ಚದರಂಗುಲಕ್ಕೆ ಇಳಿಯುತ್ತದೆ, ಅರ್ಧಕ್ಕಿಂತ ಕಡಿಮೆ. ಗಾಳಿಯ ನಷ್ಟ ಅದಕ್ಕಿಂತ ಹೆಚ್ಚು, ಏಕೆಂದರೆ ಕಿರಿದಾದ ದಾರಿಯಲ್ಲಿ ಗೋಡೆಯ ಉಜ್ಜಾಟ ಬಹಳ ವೇಗವಾಗಿ ಏರುತ್ತದೆ. ಒಂದು ಉದಾಹರಣೆ: ಎರಡಂಗುಲದ ಕೊಳವೆಯ ಬಾಯಿ ನಾಲ್ಕಂಗುಲದ ಕೊಳವೆಯ ಕಾಲು ಭಾಗ. ಹಾಗಾದರೆ ನಾಲ್ಕು ಸಣ್ಣ ಕೊಳವೆ ಒಂದು ದೊಡ್ಡದಕ್ಕೆ ಸಮವೆಂದು ತೋರುತ್ತದೆ. ಅಲ್ಲ. ಅದೇ ಒತ್ತಡದಲ್ಲಿ ಅಷ್ಟೇ ಗಾಳಿ ಹರಿಯಬೇಕಾದರೆ ಐದಾರು ಬೇಕು. "ಜಾಗ ಸಾಲದು, ಇಲ್ಲಿಂದ ಸಣ್ಣ ಪೈಪ್ ಹಾಕೋಣ" ಎನ್ನುವವರಿಗೆ ಈ ಲೆಕ್ಕ ತೋರಿಸಬೇಕು.

ಇನ್ನೊಂದು ಕಾಯಿಲೆ ಉದ್ದದ್ದು. ಮೃದು ಡಕ್ಟ್ ಅನ್ನು ಕತ್ತರಿಸುವ ಕಷ್ಟ ಯಾರಿಗೆ ಬೇಕು? ಮೂರು ಮೀಟರ್ ಸಾಕಾಗುವಲ್ಲಿ ಐದು ಮೀಟರ್ ತುರುಕಿ, ಮಿಕ್ಕದ್ದನ್ನು ಹಾವಿನಂತೆ ಸುತ್ತಿ ಮಂಚದಡಿಗೆ ತಳ್ಳಿರುತ್ತಾರೆ. ಎಳೆದು ಬಿಗಿಯಾಗಿಸದ ಡಕ್ಟ್‌ನ ಒಳಮೈ ಅಕಾರ್ಡಿಯನ್‌ನಂತೆ ಮಡಿಕೆ ಮಡಿಕೆಯಾಗಿ ಗಾಳಿಯನ್ನು ಹೆಜ್ಜೆ ಹೆಜ್ಜೆಗೂ ತಡೆಯುತ್ತದೆ. ಚೂಪು ತಿರುವುಗಳಲ್ಲಿ ಅದು ಮಡಿಚಿಕೊಂಡು ಬಾಯಿ ಮುಚ್ಚುತ್ತದೆ. ಅಳಿಯನ ಮಗಳ ಮಂಚದ ಕೆಳಗೆ ಈ ಮೂರೂ ಇದ್ದವು: ಒಂದು ಪೂರ್ತಿ ಸುತ್ತು ಹೆಚ್ಚುವರಿ ಡಕ್ಟ್, ಗೋಡೆಯ ಮೂಲೆಯಲ್ಲಿ ಮುರಿದಂತಿದ್ದ ತಿರುವು, ಮತ್ತು ಎಲ್ಲದರ ಮೇಲೆ ಅವನೇ ಇಟ್ಟ ಹತ್ಯಾರದ ಪೆಟ್ಟಿಗೆ. ಡಕ್ಟ್ ಕತ್ತರಿಸಿ ನೇರವಾಗಿ ಎಳೆದು ಕಟ್ಟಿ, ತಿರುವಿಗೆ ತಗಡಿನ ಗಟ್ಟಿ ಬಾಗು ಕೊಟ್ಟು, ಪೆಟ್ಟಿಗೆ ಬೇರೆಡೆಗೆ ಸರಿಸಿದ ಮೇಲೆ 13 ಇದ್ದದ್ದು 8 ಆಯಿತು. ಒಂದು ರೂಪಾಯಿಯ ಬಿಡಿಭಾಗ ಫರ್ನೇಸಿಗೆ ಹಾಕಿರಲಿಲ್ಲ.

ಡಕ್ಟ್ ಬಿಚ್ಚಿದಾಗ ನೋಡಬೇಕಾದ ಬೇರೆ ಸಂಗತಿಗಳೂ ಇವೆ. ನಿಂತ ಟ್ರೇಲರ್‌ನ ಡಕ್ಟ್ ಇಲಿಗಳಿಗೆ ಅರಮನೆ, ಗೂಡು ಸಿಕ್ಕರೆ ಮುಖಕ್ಕೆ ಮಾಸ್ಕ್ ಹಾಕಿಕೊಂಡೇ ತೆಗೆಯಬೇಕು. ನೆಲದ ಕಿಂಡಿಗಳ ಸುತ್ತ ಸಂದಿ ಇದ್ದರೆ ಗಾಳಿ ನೆಲದಡಿಗೆ ಇಳಿಯುತ್ತದೆ. ಕೆಲವು ಟ್ರೇಲರ್‌ಗಳಲ್ಲಿ ನೀರಿನ ತೊಟ್ಟಿಗಳು ಹೆಪ್ಪುಗಟ್ಟದಿರಲೆಂದು ನೆಲದಡಿಗೆ ಎರಡಂಗುಲದ ಒಂದು ಕೊಳವೆ ಬೇಕೆಂದೇ ಬಿಟ್ಟಿರುತ್ತಾರೆ. ಅದನ್ನು ಸೋರಿಕೆ ಎಂದು ತಿಳಿದು ಮುಚ್ಚಿದರೆ ಬೆಳಗಾಗುವುದರಲ್ಲಿ ನಲ್ಲಿ ಒಡೆದಿರುತ್ತದೆ. ಆದರೆ ಟ್ರೇಲರ್‌ನ ಹೊಟ್ಟೆಗೆ ಹೊದಿಸಿದ ಕಪ್ಪು ಪ್ಲಾಸ್ಟಿಕ್ ಹಾಳೆ ಹರಿದಿದ್ದರೆ ಆ ಕೊಳವೆ ಕಾಯಿಸುವುದು ಕಾಡನ್ನು.

ಇಷ್ಟು ಕೊನೆ ಭಾಗದ ಕಥೆ. ಎಲ್ಲ ಕಿಂಡಿಗಳೂ ಸಮನಾಗಿ ಸೊರಗಿದ್ದರೆ ಹುಡುಕುವ ಜಾಗವೇ ಬೇರೆ.

ಮೊದಲು ಹೀರುವ ದಾರಿ. ಎಷ್ಟು ಗಾಳಿ ಹೊರಗೆ ಊದಬೇಕೋ ಅಷ್ಟೇ ಗಾಳಿ ಪೆಟ್ಟಿಗೆಗೆ ವಾಪಸು ಬರಬೇಕು. ಆ ಜಾಲರಿಯ ಮುಂದೆ ಚಪ್ಪಲಿ, ಚೀಲ, ನಾಯಿಯ ಹಾಸಿಗೆ ಇಟ್ಟುಕೊಂಡು ಗಾಳಿ ಇಲ್ಲ ಎನ್ನುವುದು ಮೂಗು ಹಿಡಿದುಕೊಂಡು ಶಂಖ ಊದಿದ ಹಾಗೆ. ಪರೀಕ್ಷೆ ಸುಲಭ: ಫರ್ನೇಸ್ ಇರುವ ಕಪಾಟಿನ ಬಾಗಿಲನ್ನು ಒಳಗಡೆಯಿಂದ ತೆರೆದು ಚೀಲದ ಅಳತೆಯನ್ನು ಮತ್ತೆ ಮಾಡಿ. ಸೆಕೆಂಡು ಕಡಿಮೆಯಾದರೆ ಜಾಲರಿ ಸಾಲದು ಎಂದರ್ಥ.

ಆಮೇಲೆ ಬ್ಲೋವರ್ ಚಕ್ರದ ಕೊಳೆ. ಗಿರಣಿಯಲ್ಲಿ ಹತ್ತಿಯ ನವಿರು ಧೂಳು ಚಕ್ರದ ಎಲೆಗಳ ಒಳಬಾಗಿಗೆ ಮೆತ್ತಿ, ಎಲೆಗಳು ಆಕಾರ ಕಳೆದುಕೊಂಡು ಬರೀ ಉರುಳೆಯಂತೆ ತಿರುಗುವುದನ್ನು ನೂರು ಸಲ ಕಂಡಿದ್ದೇನೆ. ಟ್ರೇಲರ್‌ನಲ್ಲಿ ಹತ್ತಿಯ ಬದಲು ಸಾಕುನಾಯಿಯ ಕೂದಲು.

ಮೂರನೆಯದು ವೋಲ್ಟೇಜ್, ಇದನ್ನು ಬಹಳ ಜನ ಮರೆಯುತ್ತಾರೆ. ಇಂಥ ಮೋಟಾರಿನ ವೇಗ ಹೆಚ್ಚುಕಡಿಮೆ ವೋಲ್ಟೇಜಿನ ಜೊತೆಯೇ ಏರಿಳಿಯುತ್ತದೆ. ವೇಗ ಇಳಿದಷ್ಟೇ ಗಾಳಿಯ ಪ್ರಮಾಣವೂ ಇಳಿಯುತ್ತದೆ, ಗಾಳಿಯನ್ನು ದೂಡುವ ಒತ್ತಡವಾದರೋ ವೇಗದ ವರ್ಗದಂತೆ ಇಳಿಯುತ್ತದೆ. 12.2 ವೋಲ್ಟ್ ಸಿಗಬೇಕಾದಲ್ಲಿ 10.8 ಸಿಕ್ಕರೆ ವೇಗ ನೂರಕ್ಕೆ 88, ಒತ್ತಡ ನೂರಕ್ಕೆ 78. ಉದ್ದದ ಡಕ್ಟ್‌ನ ತುದಿಗೆ ಇದು ದೊಡ್ಡ ಪೆಟ್ಟು. ಆ 1.4 ವೋಲ್ಟ್ ಎಲ್ಲಿ ಹೋಯಿತು? ತುಕ್ಕು ಹಿಡಿದ ಒಂದು ಭೂಸಂಪರ್ಕದ ಸ್ಕ್ರೂ, ಸಡಿಲ ಜೋಡಣೆ, ಬೇಕಾದ್ದಕ್ಕಿಂತ ಸಣ್ಣ ತಂತಿ. ಬ್ಲೋವರ್ ಎಂಟು ಹತ್ತು ಆಂಪಿಯರ್ ಎಳೆಯುತ್ತದೆ, ಓಮನ ನಿಯಮದಂತೆ 0.1 ಓಮ್ ಕೆಟ್ಟ ಸಂಪರ್ಕವೇ ಒಂದು ವೋಲ್ಟ್ ನುಂಗುತ್ತದೆ. ಮಲ್ಟಿಮೀಟರ್ ಹಿಡಿದು ಅಳೆಯುವಾಗ ಬ್ಯಾಟರಿಯ ತಲೆಯ ಮೇಲೆ ಅಳೆದು ಸಮಾಧಾನಪಟ್ಟರೆ ಪ್ರಯೋಜನವಿಲ್ಲ. ಬ್ಲೋವರ್ ಓಡುತ್ತಿರುವಾಗಲೇ ಅದರ ತಂತಿಗಳ ಬಳಿ ಅಳೆಯಬೇಕು. ಮೀಟರ್ ಇಲ್ಲದವರಿಗೂ ಉಪಾಯವಿದೆ: ಟ್ರೇಲರ್ ಅನ್ನು ಹೊರಗಿನ ವಿದ್ಯುತ್ತಿಗೆ ಜೋಡಿಸಿದಾಗ ಅದನ್ನು ಬ್ಯಾಟರಿಯ ಬಗೆಯ ವಿದ್ಯುತ್ತಾಗಿಸುವ ಕನ್ವರ್ಟರ್ ಸುಮಾರು 13.6 ವೋಲ್ಟ್ ಕೊಡುತ್ತದೆ. ಆಗ ಬ್ಲೋವರ್‌ನ ಸದ್ದು ಎತ್ತರಕ್ಕೇರಿ ಗಾಳಿ ಜೋರಾದರೆ, ಬ್ಯಾಟರಿಯನ್ನೂ ತಂತಿಗಳನ್ನೂ ನೋಡಬೇಕು.

ಕೊನೆಯ ಕಾರಣವನ್ನು ಹೇಳದೆ ಬಿಡಲಾರೆ, ಏಕೆಂದರೆ ಅದರ ಪಾಠಕ್ಕೆ ನಾನು ಮೂರು ದಿನದ ಶುಲ್ಕ ಕೊಟ್ಟಿದ್ದೇನೆ. ಒಮ್ಮೆ ಗಿರಣಿಯ ದೊಡ್ಡ ಬ್ಲೋವರ್‌ನ ಮೋಟಾರು ಸುಟ್ಟು, ಹೊಸದಾಗಿ ತಂತಿ ಸುತ್ತಿಸಿ ತಂದು ಕೂರಿಸಿದೆವು. ಗಾಳಿ ಬಂತು, ಆದರೆ ಬಡಕಲು ಗಾಳಿ. ಡಕ್ಟ್‌ನೊಳಗೆ ತೆವಳಿದೆ, ಜಾಲರಿಗಳನ್ನು ಬಿಚ್ಚಿಸಿದೆ, ನೀರಿನ ತುಂತುರಿನ ತಟ್ಟೆಗಳನ್ನು ತೊಳೆಸಿದೆ. ಮೂರನೆಯ ದಿನ ಎಣ್ಣೆ ಹಾಕುವ ಹುಡುಗನೊಬ್ಬ, "ಸರ್, ಬೆಲ್ಟ್ ಮೊದಲು ಆ ಕಡೆಗೆ ಓಡುತ್ತಿತ್ತಲ್ಲವೇ?" ಎಂದು ಮೆಲ್ಲಗೆ ಕೇಳಿದ. ಮೂರು ಫೇಸ್‌ಗಳಲ್ಲಿ ಎರಡು ಅದಲುಬದಲಾಗಿ ಮೋಟಾರು ಹಿಮ್ಮುಖ ತಿರುಗುತ್ತಿತ್ತು. ನಮ್ಮ ಮನೆಯ ಸೀಲಿಂಗ್ ಫ್ಯಾನ್ ಹಿಮ್ಮುಖ ತಿರುಗಿದರೆ ಗಾಳಿ ಮೇಲಕ್ಕೆ ಹೋಗುತ್ತದೆ, ಕೂಡಲೇ ಗೊತ್ತಾಗುತ್ತದೆ. ಅಳಿಲಿನ ಪಂಜರದಂಥ ಈ ಚಕ್ರ ಹಾಗಲ್ಲ. ಅದು ಗಾಳಿಯನ್ನು ನಡುವಿನಿಂದ ಹೊರಕ್ಕೆ ಎಸೆಯುವ ಚಕ್ರ. ಯಾವ ಕಡೆ ತಿರುಗಿದರೂ ಗಾಳಿ ಅದೇ ಬಾಯಿಯಿಂದಲೇ ಬರುತ್ತದೆ, ಆದರೆ ಹಿಮ್ಮುಖದಲ್ಲಿ ಎಲೆಗಳ ಬಾಗು ಉಲ್ಟಾ ಆಗಿ ಅರೆಜೀವ. ಟ್ರೇಲರ್‌ನ 12 ವೋಲ್ಟ್ ಮೋಟಾರಿನಲ್ಲಿ ಧನ ಋಣ ತಂತಿಗಳು ಅದಲುಬದಲಾದರೆ ಇದೇ ಗತಿ. ಮೋಟಾರು ಬದಲಾಯಿಸಿದ ಮೇಲೆ ಗಾಳಿ ಕಡಿಮೆಯಾಯಿತು ಎನ್ನುವವರು ಮೊದಲು ಇದನ್ನೇ ನೋಡಬೇಕು. ಅದೇ ಅಚ್ಚಿನಲ್ಲಿ ಉರಿಯ ಚಕ್ರವೂ ಇರುವುದರಿಂದ ಬೆಂಕಿಗೂ ಗಾಳಿ ಸಾಲದೆ ಮಸಿ ಕಟ್ಟುತ್ತದೆ.

ಕೆಲವು ಕೆಲಸಗಳನ್ನು ಮಾಡಬೇಡ ಎಂದು ಅಳಿಯನಿಗೆ ಕಟ್ಟುನಿಟ್ಟಾಗಿ ಹೇಳಿದೆ. ಹಿಂಭಾಗಕ್ಕೆ ಗಾಳಿ ಹೆಚ್ಚಲಿ ಎಂದು ಮುಂಭಾಗದ ಕಿಂಡಿಗಳನ್ನು ಪೂರ್ತಿ ಮುಚ್ಚುವುದು ಮೊದಲನೆಯದು. ಪ್ರತಿ ಮಾದರಿಗೂ ಇಷ್ಟು ಬಾಯಿ ತೆರೆದೇ ಇರಬೇಕೆಂದು ಕೈಪಿಡಿಯಲ್ಲಿ ಕನಿಷ್ಠ ಅಳತೆ ಇರುತ್ತದೆ, ಅದಕ್ಕಿಂತ ಇಳಿದರೆ ಪೆಟ್ಟಿಗೆ ಕಾದು ಮಿತಿಯ ಸ್ವಿಚ್ ಕಡಿಯುತ್ತದೆ, ಸಿಗುವ ಶಾಖವೂ ಹೋಗುತ್ತದೆ. ಡಕ್ಟ್‌ನ ಮಧ್ಯೆ ಕಂಪ್ಯೂಟರಿನ ಪ್ಲಾಸ್ಟಿಕ್ ಫ್ಯಾನ್ ಕೂರಿಸುವ ಜಾಣತನವೂ ಬೇಡ. ಅದು ಆ ಶಾಖಕ್ಕೆ ಮಾಡಿದ್ದಲ್ಲ, ನಿಂತರೆ ಅದೇ ಅಡ್ಡಗಟ್ಟೆ. ಹಾಯಿ ಸ್ವಿಚ್ ತೊಂದರೆ ಕೊಡುತ್ತಿದೆ ಎಂದು ಅದರ ಎರಡು ತಂತಿ ಸೇರಿಸಿ ಕಟ್ಟುವವರಿದ್ದಾರೆ. ಅದು ಗೇಟಿನ ಕಾವಲುಗಾರನಿಗೆ ನಿದ್ದೆ ಮಾತ್ರೆ ಕೊಟ್ಟ ಹಾಗೆ. ಏನೇ ಬಿಚ್ಚುವ ಮೊದಲು ಅನಿಲವನ್ನೂ ವಿದ್ಯುತ್ತನ್ನೂ ಮುಚ್ಚಬೇಕು. ಉರಿಯ ಭಾಗ, ಅನಿಲದ ಕೊಳವೆ, ವಾಲ್ವ್ ಇವುಗಳ ತಂಟೆಗೆ ಹೋಗದೆ ಪರಿಣತರನ್ನೇ ಕರೆಸಬೇಕು. ಎರಡು ಗಾಳಿಗಳ ನಡುವಿನ ಲೋಹದ ಗೋಡೆ ಸೀಳಿದ್ದರೆ ಕಾರ್ಬನ್ ಮೊನಾಕ್ಸೈಡ್ ಮನೆಯ ಗಾಳಿಗೆ ಬೆರೆಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದರ ಎಚ್ಚರಿಕೆ ಗಂಟೆಯ ಗುಂಡಿ ಒತ್ತಿ ಕೂಗುತ್ತದೆಯೇ ಎಂದು ನಾನು ಫೋನಿನಲ್ಲೇ ಕೇಳಿಸಿಕೊಂಡೆ. ಕೂಗಿತು. ಚಳಿ ತಡೆಯದೆ ಅಡುಗೆ ಒಲೆ ಹಚ್ಚಿ ಮಲಗುವುದು ಮಾತ್ರ ಯಾವ ಕಾರಣಕ್ಕೂ ಕೂಡದು ಎಂದು ಅಕ್ಕನ ಕೈಯಿಂದಲೂ ಹೇಳಿಸಿದೆ.

ನಾಲ್ಕನೆಯ ಬೆಳಿಗ್ಗೆ ಅಳತೆಗಳು ಹೀಗಿದ್ದವು: ಅಡುಗೆಕಟ್ಟೆ ನಾಲ್ಕೂವರೆ, ಊಟದ ಮೇಜು 5, ಬಚ್ಚಲು 11, ಮಗಳ ಮಂಚ 8. ಅಡುಗೆಕಟ್ಟೆಯಲ್ಲಿ ಅರ್ಧ ಸೆಕೆಂಡು ಹೆಚ್ಚಾದದ್ದಕ್ಕೆ ಅಳಿಯ ಗಾಬರಿಯಾದ. ಕೊನೆ ಭಾಗಕ್ಕೆ ನೀರು ಹರಿದ ದಿನ ಮೇಲ್ಭಾಗದ ತೂಬಿನಲ್ಲಿ ಒಂದಿಷ್ಟು ಇಳಿಯುವುದು ಸಹಜ ಎಂದೆ. ಬಿಸಿ ತಣ್ಣನೆಯ ಸರದಿ ನಿಂತು ಫರ್ನೇಸ್ ಒಂದೇ ಸಮನೆ ಉರಿಯುತ್ತಿದೆ. ಬಚ್ಚಲಿನ ಕೊಳವೆ ಎರಡಂಗುಲದ್ದು, ನೆಲದಡಿಯಲ್ಲಿ ಸಾಗಿದೆ. ಅದನ್ನು ಬದಲಾಯಿಸಬೇಕಾದರೆ ಹೊಟ್ಟೆಯ ಹಾಳೆಯನ್ನೇ ಬಿಚ್ಚಬೇಕು, ಹಿಮ ಕರಗಿದ ಮೇಲೆ ನೋಡೋಣ ಎಂದಿದ್ದೇನೆ. ಪಾತ್ರೆ ತೊಳೆಯುವ ಜಾಗದ ಕೆಳಗಿನ ಕೊಬ್ಬರಿ ಎಣ್ಣೆ ಈಗ ಗಟ್ಟಿಯಾಗಿದೆಯಂತೆ. ಸೊಸೆ ಬಾಟಲಿಯನ್ನು ಮಗಳ ಮಂಚದ ಕಿಂಡಿಯ ಪಕ್ಕಕ್ಕೆ ಸ್ಥಳಾಂತರಿಸಿದ್ದಾಳೆ.